ವೇಪ್ ಎಳೆಯುವ ಮಕ್ಕಳು ಕಡಿಮೆಯಾಗಿದ್ದಾರೆ, ಚಟ ಕಡಿಮೆಯಾಗಿಲ್ಲ

2019ರಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳಿಗೆ ಸಮೀಕ್ಷೆಯವರು ಒಂದು ಪ್ರಶ್ನೆ ಕೇಳಿದರು: ಕಳೆದ 30 ದಿನಗಳಲ್ಲಿ ಒಮ್ಮೆಯಾದರೂ ಇ-ಸಿಗರೇಟ್, ಅಂದರೆ ವೇಪ್, ಸೇದಿದ್ದೀರಾ? ಶೇ. 27.5 ಮಕ್ಕಳು ಹೌದು ಎಂದರು. ಅದೇ ಪ್ರಶ್ನೆಗೆ 2024ರಲ್ಲಿ ಹೌದು ಎಂದವರು ಶೇ. 7.8. ಐದೇ ವರ್ಷದಲ್ಲಿ ಇಷ್ಟು ಇಳಿಕೆ ಸಣ್ಣದಲ್ಲ. ಅದೇ ದೇಶದ ಹೈಸ್ಕೂಲ್ ಮಕ್ಕಳಲ್ಲಿ ಸಿಗರೇಟಿನ ಚಟ 1997ರಲ್ಲಿ ಶೇ. 36ರಷ್ಟಿತ್ತು. ಅದು ಶೇ. 9ರ ಆಸುಪಾಸಿಗೆ ಬರಲು 20 ವರ್ಷ ಹಿಡಿಯಿತು.

ಈ ಇಳಿಕೆ ನಿಜವಾದದ್ದು, ಅದರಲ್ಲಿ ಅನುಮಾನ ಬೇಡ. ಆದರೆ ತಲೆ ಎಣಿಸಿದರೆ ಸಿಗುವ ಲೆಕ್ಕವೇ ಬೇರೆ, ಆ ಒಂದೊಂದು ತಲೆಯೊಳಗೆ ಏನಾಗುತ್ತಿದೆ ಎಂದು ನೋಡಿದರೆ ಸಿಗುವ ಲೆಕ್ಕವೇ ಬೇರೆ. 2024ರ ಅದೇ ಸಮೀಕ್ಷೆಯಲ್ಲಿ, ವೇಪ್ ಎಳೆಯುತ್ತಿದ್ದ ಶಾಲಾ ಮಕ್ಕಳ ಪೈಕಿ ಶೇ. 26.3 ಮಂದಿ ಪ್ರತಿದಿನ ಎಳೆಯುತ್ತಿದ್ದರು. ತಿಂಗಳಲ್ಲಿ 20 ದಿನ ಅಥವಾ ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದವರು ಶೇ. 38.4. ಅಂದರೆ ಗೆಳೆಯರ ಗುಂಪಿನಲ್ಲಿ ಯಾರೋ ಕೊಟ್ಟರೆಂದು ಒಂದು ದಮ್ಮು ಎಳೆದು ಬಿಟ್ಟವರು ಆ ಲೆಕ್ಕದಿಂದ ಹೊರಗೆ ಹೋಗುತ್ತಿದ್ದಾರೆ, ಬಿಡಲಾಗದವರು ಒಳಗೆ ಉಳಿಯುತ್ತಿದ್ದಾರೆ. ಹೀಗಾಗುವುದಕ್ಕೆ ಆ ಪುಟ್ಟ ಯಂತ್ರದ ರಚನೆಯಲ್ಲೇ ಕಾರಣವಿದೆ. ಅದನ್ನು ತಿಳಿಯದೆ ಮೇಲಿನ ಅಂಕಿಗಳ ಅರ್ಥ ಆಗುವುದಿಲ್ಲ.

ಒಳಗೆ ಏನಿದೆ

ದೀಪದ ಬತ್ತಿ ಎಣ್ಣೆ ಹೀರುವುದನ್ನು ನೆನೆಸಿಕೊಳ್ಳಿ. ವೇಪ್ ಯಂತ್ರದ ಒಳಗೂ ಅಂಥದ್ದೇ ಒಂದು ಹತ್ತಿಯ ಬತ್ತಿ ಇರುತ್ತದೆ. ಅದು ಪುಟ್ಟ ತೊಟ್ಟಿಯಲ್ಲಿರುವ ದ್ರವವನ್ನು ಹೀರಿಕೊಂಡಿರುತ್ತದೆ. ಬತ್ತಿಗೆ ತಾಗಿಕೊಂಡು ಲೋಹದ ತಂತಿಯ ಸುರುಳಿ. ಬಾಯಿಟ್ಟು ಎಳೆದ ಕೂಡಲೇ ಬ್ಯಾಟರಿಯಿಂದ ಸುರುಳಿಗೆ ವಿದ್ಯುತ್ ಹರಿದು, ಅದು ಕ್ಷಣದಲ್ಲಿ ಕಾದು, ಬತ್ತಿಯಲ್ಲಿರುವ ದ್ರವ ಮಂಜಿನಂತೆ ಮೇಲೇಳುತ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ, ಬಟ್ಟೆಗೆ ಅಂಟುವ ಹೊಗೆವಾಸನೆಯೂ ಇಲ್ಲ.

ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅದಕ್ಕೆ ಪರಿಮಳ, ರುಚಿ, ಜೊತೆಗೆ ನಿಕೋಟಿನ್ ಬೆರೆಸಿರುತ್ತಾರೆ. ಹೊರಬರುವುದನ್ನು ಆವಿ ಎಂದು ಕರೆಯುವುದು ರೂಢಿಯಾಗಿದೆ, ಅದೇ ಮಾತು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಆವಿ ಎಂದರೆ ಕುದಿಯುವ ನೀರಿನ ಮೇಲಿನ ಹಬೆಯೇ ಕಣ್ಣಮುಂದೆ ಬರುತ್ತದೆ. ಇದು ಹಬೆಯಲ್ಲ. ರಾಸಾಯನಿಕಗಳನ್ನು ಹೊತ್ತ ಅತಿಸೂಕ್ಷ್ಮ ಹನಿಗಳು, ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಹೋಗಬಲ್ಲಷ್ಟು ಸಣ್ಣವು. ಕಾದ ಸುರುಳಿಯಿಂದ ನಿಕ್ಕಲ್, ಕ್ರೋಮಿಯಂ, ಸೀಸದಂಥ ಲೋಹಗಳ ಕಣಗಳೂ ಅದರಲ್ಲಿ ಸೇರುತ್ತವೆ ಎಂಬುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಈ ಯಂತ್ರ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಇಂದಿನ ರೂಪದ ಇ-ಸಿಗರೇಟನ್ನು 2003ರಲ್ಲಿ ರೂಪಿಸಿದವರು ಚೀನಾದ ಔಷಧತಜ್ಞ ಹೋನ್ ಲಿಕ್. ಅವರೇ ಸಿಗರೇಟು ಸೇದುತ್ತಿದ್ದರು, ತಂದೆ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ಸೇದುವವರು ಸಿಗರೇಟು ಬಿಡಲು ಒಂದು ದಾರಿ ಬೇಕು ಎಂಬುದು ಆಗಿನ ಆಸೆ. ಕೆಲವೇ ವರ್ಷಗಳಲ್ಲಿ ಅದು ಯುರೋಪ್, ಅಮೆರಿಕದ ಮಾರುಕಟ್ಟೆಗಳಿಗೆ ಬಂತು. 2014ರ ಹೊತ್ತಿಗೆ 'ವೇಪ್' ಎಂಬ ಪದ ಆಕ್ಸ್‌ಫರ್ಡ್ ನಿಘಂಟಿನವರ ವರ್ಷದ ಪದವಾಯಿತು.

ಗಂಟಲು ಎಂಬ ಕಾವಲುಗಾರ

ಮೊದಲ ಬಾರಿ ಸಿಗರೇಟು ಸೇದಿದವರಿಗೆ ಏನಾಗುತ್ತದೆ? ಕೆಮ್ಮು ಬರುತ್ತದೆ, ಗಂಟಲು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಎಷ್ಟೋ ಮಕ್ಕಳು ಅಲ್ಲಿಗೇ ಬಿಡುತ್ತಾರೆ. ಗಂಟಲು ಕಾವಲುಗಾರನ ಹಾಗೆ ಬಾಗಿಲಲ್ಲೇ ತಡೆಯುತ್ತದೆ.

ಹಳೆಯ ಇ-ಸಿಗರೇಟುಗಳಲ್ಲೂ ಈ ಕಾವಲು ಇತ್ತು. ಅವುಗಳಲ್ಲಿ ಬಳಸುತ್ತಿದ್ದ ನಿಕೋಟಿನ್ ಕ್ಷಾರ ಸ್ವಭಾವದ್ದು. ಪ್ರಮಾಣ ಹೆಚ್ಚಿಸಿದಷ್ಟೂ ಗಂಟಲು ಕೆರೆಯುತ್ತಿತ್ತು. ಆದ್ದರಿಂದ ತಯಾರಕರು ಬೇಕೆಂದರೂ ಹೆಚ್ಚು ನಿಕೋಟಿನ್ ತುಂಬುವ ಹಾಗಿರಲಿಲ್ಲ, ತುಂಬಿದರೆ ಸೇದುವವರೇ ಇರುತ್ತಿರಲಿಲ್ಲ.

2015ರಲ್ಲಿ ಬಂದ ಜೂಲ್ ಎಂಬ ಉಪಕರಣ ಆ ಕಾವಲನ್ನು ತೆಗೆದುಹಾಕಿತು. ಅದನ್ನು ರೂಪಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಜೇಮ್ಸ್ ಮಾನ್ಸೀಸ್ ಮತ್ತು ಆ್ಯಡಂ ಬೊವೆನ್. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿದರೆ ಅದು ಲವಣವಾಗುತ್ತದೆ, ಕ್ಷಾರತೆ ತಗ್ಗುತ್ತದೆ, ಕೆರೆತ ಹೋಗುತ್ತದೆ. ಈಗ ಎಷ್ಟು ನಿಕೋಟಿನ್ ಇದ್ದರೂ ದಮ್ಮು ನಯವಾಗಿ ಇಳಿಯುತ್ತದೆ. ರಸಾಯನಶಾಸ್ತ್ರದ ಶಾಲಾಪಾಠದಲ್ಲಿ ಆಮ್ಲ, ಕ್ಷಾರ ಸೇರಿದರೆ ಲವಣ ಎಂದು ಓದುತ್ತೇವಲ್ಲ, ಅದೇ ಇದು. ಹದಿಹರೆಯದವರ ವೇಪಿಂಗ್ ಕಥೆಯಲ್ಲಿ ಜಾಹೀರಾತಿಗಿಂತ, ಸಿಹಿ ರುಚಿಗಿಂತ ನಿರ್ಣಾಯಕವಾದದ್ದು ಈ ಪುಟ್ಟ ರಾಸಾಯನಿಕ ಬದಲಾವಣೆ ಎಂದೇ ನಾನು ನಂಬಿದ್ದೇನೆ. ರುಚಿ ಮಗುವನ್ನು ಬಾಗಿಲಿಗೆ ಕರೆದಿರಬಹುದು, ಬಾಗಿಲು ತೆರೆದದ್ದು ಈ ಲವಣ.

ಒಂದು ಸಣ್ಣ ಗುಣಾಕಾರ ಮಾಡೋಣ. ಜೂಲ್‌ನ ಒಂದು ಪಾಡ್‌ನಲ್ಲಿ, ಅಂದರೆ ದ್ರವ ತುಂಬಿದ, ಬದಲಾಯಿಸುವ ಪುಟ್ಟ ಡಬ್ಬಿಯಲ್ಲಿ, 0.7 ಮಿಲಿಲೀಟರ್ ದ್ರವ, ಪ್ರತಿ ಮಿಲಿಲೀಟರಿಗೆ 59 ಮಿಲಿಗ್ರಾಂ ನಿಕೋಟಿನ್. ಒಟ್ಟು ಸುಮಾರು 41 ಮಿಲಿಗ್ರಾಂ. ಸಿಗರೇಟೊಂದರಿಂದ ಸೇದುವವರ ಮೈಗೆ ಸೇರುವುದು ಸಾಮಾನ್ಯವಾಗಿ 1ರಿಂದ 1.5 ಮಿಲಿಗ್ರಾಂ. ದ್ರವದಲ್ಲಿರುವುದೆಲ್ಲ ಮೈಗೆ ಸೇರುವುದಿಲ್ಲ, ನಿಜ. ಆದರೂ ಒಂದು ಪಾಡ್ ಹೆಚ್ಚುಕಡಿಮೆ ಒಂದು ಪ್ಯಾಕ್ ಸಿಗರೇಟಿಗೆ ಸಮ ಎಂದು ಕಂಪನಿಯೇ ಹೇಳಿಕೊಂಡಿತ್ತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯಲ್ಲಿ 20 ಸಿಗರೇಟು.

ಇನ್ನೊಂದು ವ್ಯತ್ಯಾಸದ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ಸಿಗರೇಟು ತಾನಾಗಿಯೇ ಮುಗಿಯುತ್ತದೆ. ಹಚ್ಚಿದ ಮೇಲೆ ಐದಾರು ನಿಮಿಷ, ಆಮೇಲೆ ತುಂಡು ಬಿಸಾಡಬೇಕು, ಇನ್ನೊಂದು ಬೇಕೆಂದರೆ ಮತ್ತೆ ಹಚ್ಚಬೇಕು. ಎಷ್ಟು ಸೇದಿದೆ ಎಂಬ ಎಣಿಕೆ ತಾನೇತಾನಾಗಿ ನಡೆಯುತ್ತದೆ. ವೇಪ್‌ಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಜೇಬಿನಿಂದ ತೆಗೆದು ಎರಡು ದಮ್ಮು, ಮತ್ತೆ ಜೇಬಿಗೆ. ತರಗತಿಗಳ ನಡುವೆ ಒಂದು, ಶೌಚಾಲಯದಲ್ಲಿ ಒಂದು, ರಾತ್ರಿ ಹೊದಿಕೆಯೊಳಗೆ ಒಂದು. ಇವತ್ತು ಎಷ್ಟು ಎಳೆದೆ ಎಂದು ಕೇಳಿದರೆ ಎಳೆದವರಿಗೇ ಗೊತ್ತಿರುವುದಿಲ್ಲ. ಲೆಕ್ಕವೇ ಸಿಗದ ಚಟಕ್ಕೆ ಮಿತಿ ಹಾಕುವುದು ದೊಡ್ಡವರಿಗೇ ಕಷ್ಟ, ಹದಿನೈದರ ಹುಡುಗನಿಗೆ, ಹುಡುಗಿಗೆ ಇನ್ನೂ ಕಷ್ಟ.

ಕಾನೂನು ಒಂದು ಹೆಜ್ಜೆ ಹಿಂದೆ

ಈಗ ಅಮೆರಿಕದ ಅಂಕಿಗಳನ್ನು ವರ್ಷವಾರು ನೋಡಿದರೆ ಅವು ಬೇರೆಯೇ ಮಾತಾಡುತ್ತವೆ. ಹೈಸ್ಕೂಲ್ ಮಕ್ಕಳಲ್ಲಿ 30 ದಿನಗಳ ಬಳಕೆ 2011ರಲ್ಲಿ ಶೇ. 1.5. 2015ರಲ್ಲಿ ಶೇ. 16. 2017ರಲ್ಲಿ ಶೇ. 11.7ಕ್ಕೆ ಇಳಿಯಿತು, ಆಗಲೇ ಕೆಲವರು ನಿಟ್ಟುಸಿರುಬಿಟ್ಟಿದ್ದರು. ಆದರೆ ಜೂಲ್ ಅಷ್ಟರಲ್ಲಿ ಊರೂರು ತಲುಪಿತ್ತು. 2018ರಲ್ಲಿ ಶೇ. 20.8, 2019ರಲ್ಲಿ ಶೇ. 27.5. 2018ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯಾಧಿಕಾರಿ, ಜೆರೋಮ್ ಆ್ಯಡಮ್ಸ್ ಇದನ್ನು ಮಕ್ಕಳಲ್ಲಿ ಹಬ್ಬಿದ ಸಾಂಕ್ರಾಮಿಕ ಎಂದು ಘೋಷಿಸಿದರು. ಅದೇ ತಿಂಗಳು ಸಿಗರೇಟು ಕಂಪನಿ ಆಲ್ಟ್ರಿಯಾ ಜೂಲ್‌ನಲ್ಲಿ ಶೇ. 35 ಪಾಲನ್ನು 1,280 ಕೋಟಿ ಡಾಲರ್ ಕೊಟ್ಟು ಕೊಂಡಿತು. ಒಂದೇ ತಿಂಗಳಲ್ಲಿ ಈ ಎರಡೂ ನಡೆದದ್ದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

2019ರ ಕೊನೆಯಲ್ಲಿ ತಂಬಾಕು ಮತ್ತು ವೇಪ್ ಕೊಳ್ಳುವ ಕನಿಷ್ಠ ವಯಸ್ಸು ಅಮೆರಿಕದಾದ್ಯಂತ 21 ಆಯಿತು. 2020ರ ಆರಂಭದಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಪಾಡ್ ಬದಲಾಯಿಸುವ ಮಾದರಿಯ ಉಪಕರಣಗಳಲ್ಲಿ ತಂಬಾಕು ಮತ್ತು ಮೆಂಥಾಲ್ ಬಿಟ್ಟು ಉಳಿದೆಲ್ಲ ರುಚಿಗಳ ಮೇಲೆ ಕ್ರಮಕ್ಕೆ ಇಳಿಯಿತು. ಆದರೆ ಒಮ್ಮೆ ಬಳಸಿ ಎಸೆಯುವ ವೇಪ್‌ಗಳು ಆ ಕ್ರಮದ ಹೊರಗೆ ಉಳಿದವು. ಬೇಲಿಯಲ್ಲಿ ಒಂದು ಕಂಡಿ ಇದ್ದರೆ ಸಾಕು. ವೇಪ್ ಎಳೆಯುವ ಹೈಸ್ಕೂಲ್ ಮಕ್ಕಳಲ್ಲಿ ಡಿಸ್ಪೋಸಬಲ್ ಬಳಸುವವರು 2019ರಲ್ಲಿ ಶೇ. 2.4 ಇದ್ದರು, 2020ರಲ್ಲಿ ಶೇ. 26.5 ಆದರು. ಪಫ್ ಬಾರ್ ಎಂಬ ಡಿಸ್ಪೋಸಬಲ್ ಕಂಪನಿಯ ಹೆಸರು ಆಗ ಮನೆಮಾತಾಯಿತು.

ಆ ಕಂಪನಿಯ ಮೇಲೆ ಒತ್ತಡ ಬಿದ್ದಾಗ ಅದು 2021ರಲ್ಲಿ ಹೊಸ ಮಾತು ಹೇಳಿತು: ನಮ್ಮ ನಿಕೋಟಿನ್ ತಂಬಾಕಿನಿಂದ ಬಂದದ್ದಲ್ಲ, ಪ್ರಯೋಗಾಲಯದಲ್ಲಿ ತಯಾರಾದದ್ದು. ತಂಬಾಕಿನ ಕಾನೂನು ತಂಬಾಕಿನಿಂದ ಬಂದ ನಿಕೋಟಿನ್‌ಗೆ ಮಾತ್ರ ಅನ್ವಯಿಸುತ್ತಿತ್ತು. ಆ ಕಂಡಿ ಮುಚ್ಚಲು 2022ರ ಮಾರ್ಚಿನಲ್ಲಿ ಅಮೆರಿಕದ ಸಂಸತ್ತೇ ಕಾನೂನು ತಿದ್ದಬೇಕಾಯಿತು. ಅಷ್ಟರಲ್ಲಿ ಎಲ್ಫ್ ಬಾರ್ ಎಂಬ ಇನ್ನೊಂದು ಡಿಸ್ಪೋಸಬಲ್ ಬಂದಿತ್ತು. 2024ರಲ್ಲಿ ವೇಪ್ ಎಳೆಯುವ ಅಮೆರಿಕದ ಶಾಲಾಮಕ್ಕಳಲ್ಲಿ ಶೇ. 36.1 ಮಂದಿ ಅದನ್ನೇ ಬಳಸುತ್ತಿದ್ದರು. ಇನ್ನು ರುಚಿಯ ಮೇಲಿನ ಕ್ರಮ ಏನಾಯಿತು? ಅದೇ ವರ್ಷ ವೇಪ್ ಎಳೆಯುವ ಮಕ್ಕಳಲ್ಲಿ ಶೇ. 87.6 ಮಂದಿ ರುಚಿ ಬೆರೆಸಿದ್ದನ್ನೇ ಎಳೆಯುತ್ತಿದ್ದರು.

ಬ್ರಿಟನ್ನಿನಲ್ಲಿ ಇದೇ ಆಟ ಸ್ವಲ್ಪ ತಡವಾಗಿ ನಡೆಯಿತು. ಧೂಮಪಾನದ ವಿರುದ್ಧ ಕೆಲಸ ಮಾಡುವ ಆ್ಯಶ್ ಸಂಸ್ಥೆ ಪ್ರತಿವರ್ಷ 11ರಿಂದ 17ರ ವಯಸ್ಸಿನವರ ಸಮೀಕ್ಷೆ ಮಾಡುತ್ತದೆ. ವೇಪ್ ಎಳೆಯುವವರಲ್ಲಿ ಹೆಚ್ಚಾಗಿ ಡಿಸ್ಪೋಸಬಲ್ ಬಳಸುವವರು 2021ರಲ್ಲಿ ಶೇ. 7.7 ಇದ್ದರು. 2022ರಲ್ಲಿ ಶೇ. 52. 2023ರಲ್ಲಿ ಶೇ. 69. ಎರಡು ವರ್ಷದಲ್ಲಿ ಮಾರುಕಟ್ಟೆಯ ಮುಖವೇ ಬದಲಾಯಿತು. ಬಣ್ಣಬಣ್ಣದ, ಹೈಲೈಟರ್ ಪೆನ್ನಿನಂಥ ಆ ವೇಪ್‌ಗಳನ್ನು ವಾರಕ್ಕೆ 50 ಲಕ್ಷದಂತೆ ಜನ ಎಸೆಯುತ್ತಿದ್ದರು ಎಂಬ ಅಂದಾಜು 2023ರಲ್ಲಿ ಬಂತು. ಪ್ರತಿಯೊಂದರಲ್ಲೂ ಒಂದು ಲಿಥಿಯಂ ಬ್ಯಾಟರಿ. ಕೊನೆಗೆ ಮಕ್ಕಳ ಆರೋಗ್ಯ ಮತ್ತು ಈ ಕಸ ಎರಡನ್ನೂ ಮುಂದಿಟ್ಟುಕೊಂಡು 2025ರ ಜೂನ್ 1ರಿಂದ ಬ್ರಿಟನ್ ಅವುಗಳ ಮಾರಾಟ ನಿಲ್ಲಿಸಿತು. ಬೆಲ್ಜಿಯಂ, ಫ್ರಾನ್ಸ್ ಅದೇ ವರ್ಷದ ಆರಂಭದಲ್ಲಿ ಈ ಕೆಲಸ ಮಾಡಿದ್ದವು. ಕಂಪನಿಗಳೂ ಸುಮ್ಮನಿರಲಿಲ್ಲ. ಅದೇ ಆಕಾರ, ಅದೇ ಬಣ್ಣ, ಅದೇ ರುಚಿಯ ಉಪಕರಣಕ್ಕೆ ಒಂದು ಚಾರ್ಜಿಂಗ್ ಕಿಂಡಿ, ಒಂದು ಬದಲಾಯಿಸುವ ಪಾಡ್ ಸೇರಿಸಿ, ಇದು ಮತ್ತೆ ಬಳಸಬಹುದಾದದ್ದು ಎಂದು ಅಂಗಡಿಗೆ ಇಟ್ಟವು.

ಬ್ರಿಟನ್ ಮತ್ತು ಯುರೋಪಿನಲ್ಲಿ ಒಂದು ಒಳ್ಳೆಯ ನಿಯಮ ಮೊದಲೇ ಇತ್ತು. ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು, ತೊಟ್ಟಿ 2 ಮಿಲಿಲೀಟರಿಗಿಂತ ದೊಡ್ಡದಿರಬಾರದು. ಇದರಿಂದ ಒಂದು ಉಪಕರಣದಲ್ಲಿ 40 ಮಿಲಿಗ್ರಾಂ, ಅಂದಾಜು 600 ದಮ್ಮು. ಇಂಥ ಮಿತಿ ಇಲ್ಲದ ಕಡೆ 5,000, 15,000, ಅದಕ್ಕೂ ಹೆಚ್ಚು ದಮ್ಮು ಕೊಡುವ ಉಪಕರಣಗಳು ಬಂದಿವೆ. ಅವಕ್ಕೆ ಪುಟ್ಟ ಪರದೆ ಇರುತ್ತದೆ, ಕೆಲವದರಲ್ಲಿ ಆಟಗಳೂ ಇರುತ್ತವೆ. ಹತ್ತು ಮಿಲಿಲೀಟರ್ ದ್ರವ, ಮಿಲಿಲೀಟರಿಗೆ 50 ಮಿಲಿಗ್ರಾಂ ಎಂದು ಲೆಕ್ಕ ಹಾಕಿದರೆ ಒಂದೇ ಉಪಕರಣದಲ್ಲಿ 500 ಮಿಲಿಗ್ರಾಂ ನಿಕೋಟಿನ್. ಜೂಲ್‌ನ ಒಂದು ಪಾಡ್ ಈಗ ಪುಟ್ಟದಾಗಿ ಕಾಣುತ್ತದೆ.

ಬೇರೆ ದೇಶಗಳಲ್ಲಿ

ಅಮೆರಿಕದ ಇಳಿಕೆಯನ್ನು ಜಗತ್ತಿನ ಇಳಿಕೆ ಎಂದುಕೊಳ್ಳುವ ಹಾಗಿಲ್ಲ. ಯುರೋಪ್, ಮಧ್ಯ ಏಷ್ಯಾ ಮತ್ತು ಕೆನಡಾದ ಶಾಲಾಮಕ್ಕಳ ನಡುವೆ 2022ರಲ್ಲಿ ನಡೆದ ಸಮೀಕ್ಷೆಯಲ್ಲಿ 15ರ ವಯಸ್ಸಿನವರಲ್ಲಿ ಶೇ. 32 ಮಂದಿ ಒಮ್ಮೆಯಾದರೂ ವೇಪ್ ಎಳೆದಿದ್ದರು, ಶೇ. 20 ಮಂದಿ ಹಿಂದಿನ 30 ದಿನಗಳಲ್ಲಿ ಎಳೆದಿದ್ದರು. ಸಿಗರೇಟು ಸೇದಿ ನೋಡಿದವರಿಗಿಂತ ವೇಪ್ ಎಳೆದು ನೋಡಿದವರೇ ಹೆಚ್ಚಿದ್ದರು. ನ್ಯೂಜಿಲೆಂಡಿನಲ್ಲಿ 14, 15ರ ವಯಸ್ಸಿನವರಲ್ಲಿ ದಿನಾ ವೇಪ್ ಎಳೆಯುವವರು 2022ರಲ್ಲಿ ಶೇ. 10ರಷ್ಟಾಗಿ, 2024ಕ್ಕೆ ಶೇ. 8.7ಕ್ಕೆ ಬಂದಿದ್ದಾರೆ. ಇದು ದಿನನಿತ್ಯದ ಬಳಕೆ, ತಿಂಗಳಿಗೊಮ್ಮೆ ಅಲ್ಲ, ಗಮನಿಸಿ.

ವಿಶ್ವ ಆರೋಗ್ಯ ಸಂಸ್ಥೆ 2025ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಜಾಗತಿಕ ಅಂದಾಜು ಕೊಟ್ಟಿತು: 10 ಕೋಟಿಗೂ ಹೆಚ್ಚು ಜನ ವೇಪ್ ಬಳಸುತ್ತಾರೆ, ಅವರಲ್ಲಿ ಕನಿಷ್ಠ 1.5 ಕೋಟಿ ಜನ 13ರಿಂದ 15ರ ವಯಸ್ಸಿನವರು. ಅಂಕಿ ಸಿಗುವ ದೇಶಗಳಲ್ಲಿ ಮಕ್ಕಳು ವೇಪ್ ಎಳೆಯುವ ಸಾಧ್ಯತೆ ದೊಡ್ಡವರದ್ದಕ್ಕಿಂತ ಸರಾಸರಿ 9 ಪಟ್ಟು ಹೆಚ್ಚು. ಸಿಗರೇಟು ಬಿಡಿಸಲು ಬಂದ ಯಂತ್ರ ಎಂಬ ಮಾತನ್ನು ಈ ಒಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಕಾನೂನುಗಳು ದೇಶಕ್ಕೊಂದು ಬಗೆ. ಭಾರತ 2019ರಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವನ್ನೂ ನಿಷೇಧಿಸಿತು. ಆಸ್ಟ್ರೇಲಿಯಾ 2024ರ ಜುಲೈಯಿಂದ ಔಷಧದಂಗಡಿಯಲ್ಲಿ ಮಾತ್ರ ಸಿಗುವಂತೆ ಮಾಡಿತು. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೆಯಲ್ಲಿ ಹೇಳಿದ ಪ್ರಕಾರ 88 ದೇಶಗಳಲ್ಲಿ ವೇಪ್ ಕೊಳ್ಳಲು ಕನಿಷ್ಠ ವಯಸ್ಸೇ ಇರಲಿಲ್ಲ, 74 ದೇಶಗಳಲ್ಲಿ ಯಾವ ನಿಯಮವೂ ಇರಲಿಲ್ಲ. ನಿಷೇಧ ಇದ್ದಲ್ಲಿ ವೇಪ್ ಕಳ್ಳದಾರಿಯಲ್ಲಿ ಬರುತ್ತದೆ, ಆಗ ಒಳಗೇನಿದೆ ಎಂದು ನೋಡುವವರು ಯಾರೂ ಇರುವುದಿಲ್ಲ ಎಂಬ ವಾದವಿದೆ. ಅದರಲ್ಲಿ ಹುರುಳಿದೆ. ವೇಪ್ ಮೊದಲೇ ನಿಷಿದ್ಧವಾಗಿದ್ದ ಸಿಂಗಪುರದಲ್ಲಿ, ಅರಿವಳಿಕೆಗೆ ಬಳಸುವ ಎಟೊಮಿಡೇಟ್ ಎಂಬ ಔಷಧ ಬೆರೆಸಿದ ಪಾಡ್‌ಗಳು ಓಡಾಡತೊಡಗಿ, 2025ರ ಸೆಪ್ಟೆಂಬರಿನಿಂದ ಆ ಔಷಧವನ್ನು ಮಾದಕದ್ರವ್ಯಗಳ ಪಟ್ಟಿಗೇ ಸೇರಿಸಬೇಕಾಯಿತು. ಹಾಗೆಂದು ಮಕ್ಕಳ ಕೈಗೆಟಕುವಂತೆ ಅಂಗಡಿಯಲ್ಲಿ ಇಡುವುದೇ ಸರಿ ಎಂದು ಹೇಳಲು ನನ್ನಿಂದಾಗದು.

ಮೈಗೆ, ಮಿದುಳಿಗೆ

ಕೇಳುವವರು ಮೊದಲು ಕೇಳುವುದು ಶ್ವಾಸಕೋಶದ ಬಗ್ಗೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದ ಯುವಕರು ಉಸಿರಾಡಲಾಗದೆ ಆಸ್ಪತ್ರೆ ಸೇರತೊಡಗಿದ್ದು ಎಲ್ಲರಿಗೂ ನೆನಪಿದೆ. 2020ರ ಫೆಬ್ರವರಿಯವರೆಗೆ 2,807 ಮಂದಿ ಆಸ್ಪತ್ರೆ ಸೇರಿದರು ಇಲ್ಲವೇ ಸಾವನ್ನಪ್ಪಿದರು. ಸತ್ತವರು 68. ಅದರ ಮುಖ್ಯ ಕಾರಣ ಗಾಂಜಾದ ಅಂಶವಿರುವ ಕಳ್ಳಮಾರುಕಟ್ಟೆಯ ದ್ರವಕ್ಕೆ ದಪ್ಪ ಬರಲೆಂದು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಸಾಮಾನ್ಯ ನಿಕೋಟಿನ್ ವೇಪ್‌ನಿಂದಲೇ ಆ ಸಾವುಗಳಾದವು ಎಂದು ಮಕ್ಕಳಿಗೆ ಹೇಳುವುದು ತಪ್ಪು. ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ಹೇಳುವ ಹತ್ತು ನಿಜವನ್ನೂ ಅವರು ನಂಬುವುದಿಲ್ಲ.

ಗೊತ್ತಿರುವ ನಿಜವೇ ಸಾಕಷ್ಟಿದೆ. ವೇಪ್ ಎಳೆಯುವ ಹದಿಹರೆಯದವರಲ್ಲಿ ಕೆಮ್ಮು, ಕಫ, ಆಸ್ತಮಾದ ತೊಂದರೆ ಹೆಚ್ಚು ಕಾಣಿಸುತ್ತದೆ. ತಿನ್ನಲು ಸುರಕ್ಷಿತ ಎಂದು ಒಪ್ಪಿದ ರುಚಿಪದಾರ್ಥ ಉಸಿರಾಟಕ್ಕೂ ಸುರಕ್ಷಿತವಾಗಬೇಕಿಲ್ಲ, ಜಠರಕ್ಕೆ ಇರುವ ರಕ್ಷಣೆ ಶ್ವಾಸಕೋಶಕ್ಕಿಲ್ಲ. ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ಇದಕ್ಕೆ ಹಳೆಯ ಉದಾಹರಣೆ. ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದನ್ನು ಉಸಿರಾಡಿದ ಕೆಲಸಗಾರರ ಸಣ್ಣ ಶ್ವಾಸನಾಳಗಳು ಗಾಯಗೊಂಡು ಮುಚ್ಚಿಹೋಗಿದ್ದವು. 40 ವರ್ಷ ವೇಪ್ ಎಳೆದರೆ ಏನಾಗುತ್ತದೆ ಎಂಬುದನ್ನು ನೋಡಲು 40 ವರ್ಷ ಎಳೆದವರು ಇನ್ನೂ ಯಾರೂ ಇಲ್ಲ, ಈ ಯಂತ್ರದ ವಯಸ್ಸೇ ಇಪ್ಪತ್ತು ಚಿಲ್ಲರೆ ವರ್ಷ.

ನನ್ನ ಮಟ್ಟಿಗೆ ಹೆಚ್ಚು ಚಿಂತೆಯ ವಿಷಯ ಮಿದುಳು. ಒಳಗೆಳೆದ ನಿಕೋಟಿನ್ ಮಿದುಳು ತಲುಪಲು 10ರಿಂದ 20 ಸೆಕೆಂಡು ಸಾಕು. ಅಲ್ಲಿ ಅದು ತನಗೆ ಹೊಂದುವ ಗ್ರಾಹಕಗಳಿಗೆ ಅಂಟಿಕೊಂಡು, ಹಿತವೆನಿಸುವ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಪದೇ ಪದೇ ಹೀಗಾದಾಗ ಮಿದುಳು ಆ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಹಸಿದ ಬಾಯಿಗಳು ಹೆಚ್ಚಾದಂತೆ. ಮಿದುಳಿನ ಬೆಳವಣಿಗೆ 25ರ ಆಸುಪಾಸಿನವರೆಗೂ ನಡೆಯುತ್ತದೆ. ಆಸೆಗೆ ಲಗಾಮು ಹಾಕುವ, ಮುಂದಾಲೋಚನೆ ಮಾಡುವ ಹಣೆಯ ಹಿಂದಿನ ಭಾಗ ಕೊನೆಗೆ ಬಲಿಯುತ್ತದೆ. ಲಗಾಮು ತಯಾರಾಗುವ ಮೊದಲೇ ಕುದುರೆ ಓಡತೊಡಗಿದರೆ ಹೇಗೋ ಹಾಗೆ. ದೊಡ್ಡವರಿಗಿಂತ ಹದಿಹರೆಯದವರು ಕಡಿಮೆ ಪ್ರಮಾಣದಲ್ಲಿ, ಕಡಿಮೆ ಸಮಯದಲ್ಲಿ ಚಟಕ್ಕೆ ಬೀಳುವುದು ಇದರಿಂದಲೇ.

ಮಕ್ಕಳನ್ನು ಕೇಳಿದರೆ ಬಹಳಷ್ಟು ಮಂದಿ ಹೇಳುವ ಕಾರಣ ಒಂದೇ: ಟೆನ್ಷನ್ ಇಳಿಯುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ದಮ್ಮು ಎಳೆದ ಕ್ಷಣ ಅವರಿಗೆ ನಿಜವಾಗಿಯೂ ಹಗುರವಾಗುತ್ತದೆ. ಆದರೆ ಇಳಿದ ಆ ಭಾರ ಬಂದದ್ದೆಲ್ಲಿಂದ? ನಿಕೋಟಿನ್‌ಗೆ ಹೊಂದಿಕೊಂಡ ಮಿದುಳಿಗೆ ಒಂದೆರಡು ಗಂಟೆ ಅದು ಸಿಗದಿದ್ದರೆ ಸಿಡುಕು, ಚಡಪಡಿಕೆ, ಆತಂಕ, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಶುರುವಾಗುತ್ತದೆ. ಮುಂದಿನ ದಮ್ಮು ಅದನ್ನೇ ಶಮನ ಮಾಡುತ್ತದೆ. ಬಿಗಿಯಾದ ಚಪ್ಪಲಿ ಹಾಕಿಕೊಂಡು, ಆಗಾಗ ಕಳಚಿ ಹಾಯೆನಿಸಿಕೊಂಡಂತೆ. ಪರೀಕ್ಷೆಯ ಭಯ ಪರೀಕ್ಷೆಯಿಂದ ಬಂದದ್ದೋ, ಮೂರು ಗಂಟೆ ವೇಪ್ ಇಲ್ಲದೆ ಕೂರಬೇಕಲ್ಲ ಎಂಬುದರಿಂದ ಬಂದದ್ದೋ, ಆ ಮಗುವಿಗೇ ಬೇರ್ಪಡಿಸಲು ಆಗುವುದಿಲ್ಲ.

ಎರಡು ನಿಜಗಳ ಜಗಳ

ವೇಪ್ ಪರ ಮಾತಾಡುವವರಲ್ಲಿ ವ್ಯಾಪಾರಿಗಳು ಮಾತ್ರ ಇಲ್ಲ, ವೈದ್ಯರೂ ಇದ್ದಾರೆ. ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಅವರನ್ನು ಹೆಚ್ಚಾಗಿ ಕೊಲ್ಲುವುದು ಉರಿದ ಎಲೆಯ ಹೊಗೆ, ಟಾರು, ಕಾರ್ಬನ್ ಮೊನಾಕ್ಸೈಡ್. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ. ಸಿಗರೇಟು ಬಿಡಲು ಯತ್ನಿಸುವ ದೊಡ್ಡವರಿಗೆ ನಿಕೋಟಿನ್ ಇರುವ ಇ-ಸಿಗರೇಟು, ನಿಕೋಟಿನ್ ಪಟ್ಟಿ ಅಥವಾ ಚೂಯಿಂಗ್ ಗಮ್‌ಗಿಂತ ಹೆಚ್ಚು ನೆರವಾಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ ಕಾಕ್ರೇನ್ ವಿಮರ್ಶೆ ಹೇಳಿದೆ. 30 ವರ್ಷದಿಂದ ಸಿಗರೇಟು ಸೇದುತ್ತಿರುವವರು ಪೂರ್ತಿಯಾಗಿ ವೇಪ್‌ಗೆ ಬದಲಾದರೆ ಅವರಿಗೆ ಲಾಭವೇ.

ಆದರೆ ಈ ಹೋಲಿಕೆ ಸಿಗರೇಟು ಸೇದುವವರಿಗೆ ಮಾತ್ರ ಸಲ್ಲುತ್ತದೆ. ಸಿಗರೇಟು ಮುಟ್ಟದ ಹದಿನಾಲ್ಕರ ಹುಡುಗಿ ವೇಪ್ ಎಳೆದರೆ ಅವಳು ದೊಡ್ಡ ಅಪಾಯದಿಂದ ಸಣ್ಣ ಅಪಾಯಕ್ಕೆ ಬಂದದ್ದಲ್ಲ, ಅಪಾಯವೇ ಇಲ್ಲದ ಕಡೆಯಿಂದ ಅಪಾಯಕ್ಕೆ ಬಂದದ್ದು.

ವೇಪ್ ಸಿಗರೇಟಿಗೆ ಮೆಟ್ಟಿಲಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹಲವರು ಅಂದುಕೊಂಡಷ್ಟು ಸರಳವಲ್ಲ. ವೇಪ್ ಎಳೆಯುವ ಮಕ್ಕಳು ಮುಂದೆ ಸಿಗರೇಟು ಹಚ್ಚುವ ಸಾಧ್ಯತೆ ಹೆಚ್ಚು ಎಂದು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅದೇ ಅವಧಿಯಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳ ಸಿಗರೇಟು ಬಳಕೆ 2011ರ ಶೇ. 15.8ರಿಂದ 2024ರ ಶೇ. 1.7ಕ್ಕೆ ಕುಸಿದಿದೆ. ಎಲ್ಲದರಲ್ಲೂ ಸಾಹಸಕ್ಕೆ ಇಳಿಯುವ ಸ್ವಭಾವದವರೇ ಎರಡನ್ನೂ ಮಾಡುತ್ತಾರೆ ಎಂಬ ವಾದವೂ ಇದೆ. ನನಗೆ ಅನಿಸುವುದಿಷ್ಟು: ಸಿಗರೇಟಿಗೆ ಹೋದರೆ ಮಾತ್ರ ಚಿಂತೆ ಎಂಬಂತೆ ಮಾತಾಡುವುದೇ ಸರಿಯಲ್ಲ. ನಿಕೋಟಿನ್ ಚಟ ತಾನೇ ಒಂದು ಹಾನಿ.

ಬಿಡಲು ಹೊರಟವರು

ಮೊದಲು ಹೇಳಿದ ವಿಷಯಕ್ಕೆ ಮರಳುತ್ತೇನೆ. ಅಮೆರಿಕದ ಮಾನಿಟರಿಂಗ್ ದ ಫ್ಯೂಚರ್ ಎಂಬ ಇನ್ನೊಂದು ದೊಡ್ಡ ಶಾಲಾ ಸಮೀಕ್ಷೆಯ ಅಂಕಿಗಳನ್ನು ವಿಶ್ಲೇಷಿಸಿದಾಗ, ವೇಪ್ ಎಳೆಯುವ ಮಕ್ಕಳಲ್ಲಿ ದಿನಾ ಎಳೆಯುವವರ ಪಾಲು 2020ರಲ್ಲಿ ಶೇ. 15.4 ಇದ್ದದ್ದು 2024ರಲ್ಲಿ ಶೇ. 28.8 ಆಗಿತ್ತು. ದಿನಾ ಎಳೆಯುವವರಲ್ಲಿ, ಬಿಡಲು ನೋಡಿದೆ, ಆಗಲಿಲ್ಲ ಎಂದವರು ಶೇ. 28.2ರಿಂದ ಶೇ. 53ಕ್ಕೆ ಏರಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಿಡಬೇಕೆಂದು ಯತ್ನಿಸಿ ಸೋತವರು. ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವನ್ನು ಮನೆಗೆ ಕಳಿಸುವ, ಎಲ್ಲರ ಮುಂದೆ ಬೈಯುವ ಕ್ರಮ ಈ ಅಂಕಿಯನ್ನು ನೋಡಿಲ್ಲ. ಬಿಡಲು ಮನಸ್ಸಿದ್ದೂ ಆಗದವರಿಗೆ ಬೇಕಾದದ್ದು ಚಿಕಿತ್ಸೆ.

ಆ ಚಿಕಿತ್ಸೆಯ ಬಗ್ಗೆ ಈಗ ಒಂದಿಷ್ಟು ಗಟ್ಟಿ ಮಾಹಿತಿ ಸಿಕ್ಕಿದೆ. 13ರಿಂದ 17ರ ವಯಸ್ಸಿನವರಿಗೆ ಫೋನಿನಲ್ಲಿ ದಿನಾ ಧೈರ್ಯ ಮತ್ತು ಉಪಾಯ ಹೇಳುವ ಪುಟ್ಟ ಸಂದೇಶಗಳನ್ನು ಕಳಿಸಿ ನೋಡಿದ ಪ್ರಯೋಗವೊಂದರ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಸಂದೇಶ ಪಡೆದವರಲ್ಲಿ ಶೇ. 37.8 ಮಂದಿ, ಪಡೆಯದವರಲ್ಲಿ ಶೇ. 28 ಮಂದಿ ವೇಪ್ ಬಿಟ್ಟಿದ್ದರು. ಹೆಚ್ಚು ಖರ್ಚಿಲ್ಲದ ಕೆಲಸಕ್ಕೆ ಇದು ದೊಡ್ಡ ಫಲ. 2025ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ 16ರಿಂದ 25ರ ವಯಸ್ಸಿನ 261 ಮಂದಿ ಇದ್ದರು. ಸಿಗರೇಟು ಬಿಡಿಸಲು ದೊಡ್ಡವರಿಗೆ ಕೊಡುವ ವರೆನಿಕ್ಲಿನ್ ಎಂಬ ಮಾತ್ರೆಯನ್ನು ಸಲಹೆಯ ಜೊತೆ 12 ವಾರ ತೆಗೆದುಕೊಂಡವರಲ್ಲಿ ಶೇ. 51 ಮಂದಿ ಆ ಅವಧಿಯ ಕೊನೆಗೆ ವೇಪ್ ಬಿಟ್ಟಿದ್ದರು. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 14. ವೈದ್ಯರ ಕಣ್ಣಳತೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕಾದ ಔಷಧ ಅದು, ಎಳೆಯ ಮಕ್ಕಳಿಗಲ್ಲ. ಆದರೂ ಬಿಡಿಸಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಬಿಟ್ಟ ಮೊದಲ ವಾರ ಎಲ್ಲಕ್ಕಿಂತ ಕಷ್ಟ. ಸಿಡುಕು, ನಿದ್ದೆಗೇಡು, ತಲೆನೋವು, ಏನೋ ಕಳೆದುಕೊಂಡಂಥ ಬೇಸರ. ಕೆಲವು ವಾರಗಳಲ್ಲಿ ತಗ್ಗುತ್ತವೆ. ಆ ದಿನಗಳಲ್ಲಿ ಮಗು ಬಾಗಿಲು ದಡಾರನೆ ಹಾಕಿಕೊಂಡರೆ ಅದು ಉದ್ಧಟತನವಲ್ಲ, ನಿಕೋಟಿನ್ ಇಳಿಯುತ್ತಿರುವ ಲಕ್ಷಣ ಎಂದು ಮನೆಯವರಿಗೆ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಸಮೀಕ್ಷೆಗಳು ಕೇಳುವುದು 30 ದಿನಗಳ ಪ್ರಶ್ನೆ. ಚಟದ ಆಳ ಅಳೆಯುವ ವೈದ್ಯರು ಬೇರೆಯದನ್ನು ಕೇಳುತ್ತಾರೆ, ಮನೆಯಲ್ಲೂ ಅದನ್ನೇ ಕೇಳಬಹುದು. ದಿನಕ್ಕೆ ಎಷ್ಟು ಎಳೆಯುತ್ತೀ ಎಂದಲ್ಲ, ಅದರ ಲೆಕ್ಕ ಯಾರಿಗೂ ಇಲ್ಲ ಎಂದು ನೋಡಿದೆವಲ್ಲ. ಬೆಳಿಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲ ದಮ್ಮು? ಮಧ್ಯಾಹ್ನ, ಗೆಳೆಯರು ಸಿಕ್ಕಾಗ ಎಂದರೆ ಒಂದು ಮಾತು. ಅರ್ಧ ಗಂಟೆಯೊಳಗೆ ಎಂದರೆ ಚಟ ಬೇರು ಬಿಟ್ಟಿದೆ. ಐದು ನಿಮಿಷದೊಳಗೆ, ಹಾಸಿಗೆಯಲ್ಲೇ, ದಿಂಬಿನಡಿ ಕೈ ಹಾಕಿ ಎಂದರೆ, ಆ ಮಗುವಿಗೆ ಬುದ್ಧಿಮಾತು ಹೇಳುವ ಹೊತ್ತು ದಾಟಿದೆ, ವೈದ್ಯರ ಬಳಿ ಜೊತೆಯಲ್ಲಿ ಹೋಗುವ ಹೊತ್ತು ಬಂದಿದೆ.